ಹಬ್ಬದ ಫ್ಲೆಕ್ಸಿನ ಅಕ್ಷರ

ಜನವರಿ ಹುಟ್ಟಿದರೆ ಸಾಕು, ಮಂಡ್ಯದ ಪೇಟೆಬೀದಿಯಿಂದ ಮದ್ದೂರು, ಮಳವಳ್ಳಿಯ ಬಸ್ ನಿಲ್ದಾಣಗಳವರೆಗೆ ಸಂಕ್ರಾಂತಿ ರಿಯಾಯಿತಿಯ ಫ್ಲೆಕ್ಸ್‌ಗಳು ಏಳುತ್ತವೆ. ಬಹುಪಾಲನ್ನು ಕಣ್ಣು ದಾಟಿಹೋಗುತ್ತದೆ. ಅಪರೂಪಕ್ಕೊಂದು ಹಿಡಿದು ನಿಲ್ಲಿಸುತ್ತದೆ.

ಅಂಥದ್ದರಲ್ಲಿ ‘ಸಂಕ್ರಾಂತಿ’ ಎಂಬ ಪದವನ್ನೇ ನೋಡಿ. ‘ಕ್ರಾ’ದ ಕೆಳಗಿನ ರ-ಒತ್ತು ಕಬ್ಬಿನ ಗರಿಯಂತೆ ಬಳುಕಿ ‘ತಿ’ಯ ಅಡಿಯವರೆಗೂ ಹರಿದಿರುತ್ತದೆ, ‘ತಿ’ಯ ಗುಡಿಸು ಮೇಲೆ ಅರ್ಧ ಸುತ್ತು ಹಾಕಿರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಈ ಭಾಗ್ಯವಿಲ್ಲ. ತಲೆಕಟ್ಟು, ಕೊಂಬು, ಒತ್ತು ಎಂದು ಕನ್ನಡ ಮೇಲೂ ಕೆಳಗೂ ಆಟಕ್ಕೆ ಜಾಗ ಕೊಡುತ್ತದೆ. ಬೋರ್ಡ್ ಬರೆಯುತ್ತಿದ್ದ ಕುಂಚದ ಕಲಾವಿದರು ಇದನ್ನು ಚೆನ್ನಾಗಿ ಬಲ್ಲವರು.

ಈಗ ಫಾಂಟ್‌ಗಳೂ ಇವೆ. ದಪ್ಪಗೆ, ಗುಂಡಗೆ ಕೂರುವ ಬಾಲೂ ತಮ್ಮ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕ. ಎರಡೂ ಉಚಿತ, ಎರಡೂ ಯೂನಿಕೋಡ್. ಹಬ್ಬದ ಶೀರ್ಷಿಕೆಗೆ ಹೇಳಿ ಮಾಡಿಸಿದಂತಿವೆ.

ಆದರೆ ಅಲಂಕಾರಕ್ಕೂ ಮಿತಿ ಬೇಕು. ಹಬ್ಬದ ಹೆಸರಿಗೆ ಎಷ್ಟು ಬಳುಕು ಕೊಟ್ಟರೂ ಚೆಂದ. ದರ, ದಿನಾಂಕ, ವಿಳಾಸಕ್ಕೂ ಅದನ್ನೇ ತೊಡಿಸಿದರೆ ಬೈಕಿನಲ್ಲಿ ಹೋಗುವವನಿಗೆ ಒಂದಕ್ಷರವೂ ದಕ್ಕುವುದಿಲ್ಲ. ಅಕ್ಷರಕ್ಕೆ ನೆರಳು, ಹೊಳಪು, ಮೂರು ಬಣ್ಣದ ಅಂಚು ಸೇರಿಸುವ ಚಾಳಿಯಂತೂ (ನಮ್ಮಲ್ಲಿ ಅದು ಜಾಸ್ತಿಯೇ) ಒತ್ತಕ್ಷರವನ್ನು ನುಂಗಿಹಾಕುತ್ತದೆ.

ಅಂಗಡಿ ಮಾಲೀಕರೇ, ಮುಂದಿನ ಯುಗಾದಿಯ ಫ್ಲೆಕ್ಸನ್ನು ಮುದ್ರಣಕ್ಕೆ ಕೊಡುವ ಮುನ್ನ ರಸ್ತೆಯ ಆಚೆ ಬದಿಯಿಂದ ಓದುವಂತಿದೆಯೇ ಎಂದು ಡಿಸೈನರನ್ನು ಒಮ್ಮೆ ಕೇಳಿ.