ಅಜ್ಜಿಯ ಕನಕಾಂಬರ ಮತ್ತು ಸಿಂಕ್ ಬಟನ್

ಚಿಕ್ಕಮ್ಮನ ಮಗಳ ಮದುವೆ ಮುಗಿದ ವಾರ 1,100 ಫೋಟೋಗಳು ನನ್ನ ಲ್ಯಾಪ್‌ಟಾಪಿಗೆ ಬಂದು ಬಿದ್ದವು. "ಸ್ವಲ್ಪ ಸರಿ ಮಾಡಿಕೊಡೋ, ನಿಂಗೆ ಇದೆಲ್ಲ ಗೊತ್ತಲ್ಲ" ಅಂದ್ರು ಚಿಕ್ಕಮ್ಮ. ಒಂದಕ್ಕೆ ಎರಡೇ ನಿಮಿಷ ಅಂದ್ರೂ 36 ಗಂಟೆಗೂ ಜಾಸ್ತಿ. ನನ್ನ ಹತ್ರ ಇದ್ದಿದ್ದು ಒಂದು ಭಾನುವಾರ.

ಇಂಥ ಭಾನುವಾರಗಳಿಗಾಗಿಯೇ ಹುಟ್ಟಿದ್ದು ಲೈಟ್‌ರೂಮ್. 1996ರ ಫೋಟೋಶಾಪ್ 4ರಲ್ಲೇ 'ಆಕ್ಷನ್ಸ್' ಬಂದಿತ್ತು. ಮಾಡಿದ ಕೆಲಸವನ್ನು ರೆಕಾರ್ಡ್ ಮಾಡಿ ಉಳಿದ ಫೋಟೋಗಳ ಮೇಲೂ ಓಡಿಸಬಹುದಿತ್ತು. 2007ರಲ್ಲಿ ಬಂದ ಲೈಟ್‌ರೂಮ್ ಅದನ್ನು ಇನ್ನೂ ಸಲೀಸು ಮಾಡಿತು. ಒಂದು ಫೋಟೋ ತಿದ್ದಿ, ಉಳಿದವನ್ನು ಸೆಲೆಕ್ಟ್ ಮಾಡಿ, ಸಿಂಕ್ ಒತ್ತಿದರೆ ಮುಗೀತು.

ನಾನೂ ಅದನ್ನೇ ಮಾಡಿದೆ. ನೆಟ್‌ನಲ್ಲಿ ಪುಕ್ಕಟೆ ಸಿಕ್ಕ 'ವೆಡ್ಡಿಂಗ್ ಸ್ಕಿನ್' ಪ್ರಿಸೆಟ್ ಹಾಕಿ, ವಧು ಚೆನ್ನಾಗಿ ಕಂಡಳು ಅಂತ ಎಲ್ಲದಕ್ಕೂ ಸಿಂಕ್ ಒತ್ತಿ, ಕಾಫಿ ಕುಡಿಯೋಕೆ ಎದ್ದೆ.

ಸಂಜೆ ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿ ಕೇಳಿದ್ರು: "ನಾನು ಮುಡಿದಿದ್ದ ಕನಕಾಂಬರ ಯಾಕೋ ಇಷ್ಟು ಬಾಡಿದೆ?"

ಪ್ರಿಸೆಟ್ ಬಿಚ್ಚಿ ನೋಡಿದೆ. ಕಿತ್ತಳೆ ಬಣ್ಣದ ಲ್ಯೂಮಿನೆನ್ಸ್ ಸ್ಲೈಡರ್ ಬಲಕ್ಕೆ ಎಳೆದಿತ್ತು. ನಮ್ಮ ಚರ್ಮದ ಬಣ್ಣ ಬಹುಪಾಲು ಸಾಫ್ಟ್‌ವೇರಿನ ಆ ಕಿತ್ತಳೆಯೊಳಗೇ ಬರುತ್ತೆ. ಅದನ್ನು ಏರಿಸಿದರೆ ಮುಖ ಬೆಳ್ಳಗಾಗುತ್ತೆ, ಜೊತೆಗೆ ಕನಕಾಂಬರವೂ ಬಿಳಿಚಿಕೊಳ್ಳುತ್ತೆ. ಹೂವು ಬಾಡಿದ್ದು ಅಜ್ಜಿಗೆ ಕಾಣಿಸಿತು. ಅವರ ಎಣ್ಣೆಗಪ್ಪು ಮುಖವೂ ಬಣ್ಣ ಕಳಕೊಂಡಿದ್ದು ನನಗೆ ಮಾತ್ರ ಆಗಲೇ ಕಂಡಿದ್ದು.

ತಪ್ಪು ಸಿಂಕ್‌ನದಲ್ಲ. ಅದು ಅಂಕಿಗಳನ್ನು ಇದ್ದ ಹಾಗೇ ನಕಲು ಮಾಡುತ್ತೆ, ಅಷ್ಟೆ. ನೆರಳಲ್ಲಿ ನಿಂತವರಿಗೆ ಕೊಟ್ಟ ಎಕ್ಸ್‌ಪೋಷರನ್ನೇ ಬಿಸಿಲಲ್ಲಿ ನಿಂತವರಿಗೂ ಕೊಟ್ಟುಬಿಡುತ್ತೆ. ಈಗಿನ ಆವೃತ್ತಿಗಳು ಮುಖ ಗುರುತಿಸಿ ಮಾಸ್ಕ್ ಹಾಕ್ತವೆ, ನಿಜ. ಆದರೆ ಮುಖ ಸಿಕ್ಕ ಮೇಲೆ ಅದನ್ನೇನು ಮಾಡಬೇಕು ಅನ್ನೋದನ್ನು ಪ್ರಿಸೆಟ್ ಬರೆದವರು ಮೊದಲೇ ತೀರ್ಮಾನಿಸಿರ್ತಾರೆ.

ನನ್ನ ತಕರಾರು ಇರೋದು ಇಲ್ಲೇ. ಲೆನ್ಸಿನ ಸೊಟ್ಟ, ಸೆನ್ಸರ್ ಮೇಲಿನ ಧೂಳು, ಛತ್ರದ ಟ್ಯೂಬ್‌ಲೈಟಿನ ಹಸಿರು, ಇವೆಲ್ಲ ಕ್ಯಾಮೆರಾದ್ದೋ ಬೆಳಕಿನದ್ದೋ ತಪ್ಪು. ಸಾವಿರ ಫೋಟೋಗಳಲ್ಲಿ ಒಟ್ಟಿಗೇ ತಿದ್ದಿ, ಯಾರಿಗೂ ನಷ್ಟವಿಲ್ಲ. ಅಜ್ಜಿಯ ಬಣ್ಣ ತಪ್ಪಲ್ಲ. ಅರಿಶಿನ ಶಾಸ್ತ್ರದ ಹಳದಿಯೂ ತಪ್ಪಲ್ಲ. ಆದರೆ ಆಟೋ ವೈಟ್ ಬ್ಯಾಲೆನ್ಸ್‌ಗೆ ಎಷ್ಟೋ ಸಲ ಅದು ಬಲ್ಬಿನ ಹಳದಿಯ ಥರಾನೇ ಕಾಣುತ್ತೆ, ತೆಗೆದುಹಾಕೋಕೆ ನೋಡುತ್ತೆ. ಒಬ್ಬರ ಮುಖ ಬೇಕಂತ ಬಿಳುಪು ಮಾಡೋಕೆ ನಾಚಿಕೆಯಾದರೂ ಆದೀತು. 1,100 ಫೋಟೋ ಒಟ್ಟಿಗೆ ಮಾಡುವಾಗ ಅದೂ ಇರಲ್ಲ, ಯಾಕಂದ್ರೆ ಯಾರ ಮುಖವನ್ನೂ ನಾವು ನೋಡಿರೋದೇ ಇಲ್ಲ.

ಪುಣ್ಯಕ್ಕೆ ಲೈಟ್‌ರೂಮ್ ಮೂಲ ಫೈಲಿನ ಚಿತ್ರಕ್ಕೆ ಕೈ ಹಚ್ಚಲ್ಲ. ಎಲ್ಲವನ್ನೂ ರಿಸೆಟ್ ಮಾಡಿದೆ. ಈ ಸಲ ಬೆಳಕಿನ ಪ್ರಕಾರ ಗುಂಪು ಮಾಡಿಕೊಂಡೆ: ಚಪ್ಪರ, ಮಂಟಪ, ಊಟದ ಹಾಲ್, ರಿಸೆಪ್ಷನ್. ಪ್ರತಿ ಗುಂಪಿಗೂ ಬೇರೆ ವೈಟ್ ಬ್ಯಾಲೆನ್ಸ್, ಲೆನ್ಸ್ ಕರೆಕ್ಷನ್ ಎಲ್ಲಕ್ಕೂ ಒಂದೇ. ಸಿಂಕ್ ಕಿಟಕಿಯಲ್ಲಿ ಬಣ್ಣದ ಟಿಕ್ ತೆಗೆದುಬಿಟ್ಟೆ. ಒಂದರ ಬದಲು ಎರಡು ಭಾನುವಾರ ಹಿಡೀತು.

ಅಜ್ಜಿಗೆ ಮತ್ತೆ ತೋರಿಸಿದೆ. "ಈಗ ಹೂವು ಸರಿಯಾಗಿದೆ" ಅಂದ್ರು.