ಮುಸ್ತಫಾ ಗೇಮ್: ಆಡಿದವರು ಉಳಿಸಿಕೊಂಡ ಪರಂಪರೆ

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಒಂದು ಆರ್ಕೇಡ್ ಆಟ, ಅಂದರೆ ಅಂಗಡಿಯಲ್ಲಿಟ್ಟ ಯಂತ್ರಕ್ಕೆ ನಾಣ್ಯ ಹಾಕಿ ಎದುರಿಗೆ ನಿಂತು ಆಡುವ ಆಟ. ಅದರಲ್ಲಿ ಆಯ್ದುಕೊಳ್ಳಬಹುದಾದ ನಾಲ್ಕು ಪಾತ್ರಗಳಲ್ಲಿ ಒಂದಾದ ಮುಸ್ತಫಾ ಕೈರೋನ ಹೆಸರನ್ನೇ ಇಡೀ ಆಟಕ್ಕೆ ಕೊಟ್ಟು, ಭಾರತದ ಆಟಗಾರರು ಅದನ್ನು ‘ಮುಸ್ತಫಾ ಗೇಮ್’ ಮಾಡಿಕೊಂಡರು. ಮೂರು ದಶಕ ಕಳೆದರೂ ಆ ಹೆಸರು ಬಳಕೆಯಲ್ಲಿ ಉಳಿದಿರುವುದರಿಂದ, ಆಟದ ಪ್ರಭಾವ ಎಂಥದ್ದು ಮತ್ತು ಎಲ್ಲಿಯವರೆಗಿನದು ಎಂಬುದನ್ನು ಬಾಲ್ಯದ ಹಂಬಲವನ್ನು ಬದಿಗಿಟ್ಟು ವಿಮರ್ಶೆಯ ಕಣ್ಣಿನಿಂದ ನೋಡುವುದು ಅಗತ್ಯವಾಗಿದೆ.

ಈ ಆಟ ಸೇರುವ ಸಂಪ್ರದಾಯಕ್ಕೆ ‘ಬೀಟ್ ಎಮ್ ಅಪ್’ ಎಂಬ ಹೆಸರಿದೆ. ನಾಯಕನು ಪರದೆಯ ಎಡದಿಂದ ಬಲಕ್ಕೆ ಸಾಗುತ್ತ, ಗುಂಪುಗುಂಪಾಗಿ ಬರುವ ಎದುರಾಳಿಗಳನ್ನು ಕೈಕಾಲುಗಳಿಂದಲೇ ಹೊಡೆದು ದಾರಿ ಮಾಡಿಕೊಳ್ಳುವುದು ಅದರ ತಿರುಳು. ಯೋಶಿಹಿಸಾ ಕಿಶಿಮೊಟೊ ರೂಪಿಸಿದ 1986ರ ‘ರೆನೆಗೇಡ್’ ಮತ್ತು 1987ರ ‘ಡಬಲ್ ಡ್ರ್ಯಾಗನ್’ ಆಟಗಳು ಅದರ ಚೌಕಟ್ಟನ್ನು ಹಾಕಿಕೊಟ್ಟರೆ, ಕ್ಯಾಪ್‌ಕಾಮ್‌ನ 1989ರ ‘ಫೈನಲ್ ಫೈಟ್’ ದೊಡ್ಡ ಗಾತ್ರದ ಪಾತ್ರಗಳನ್ನೂ ಏಟಿಗೆ ತೂಕವನ್ನೂ ತಂದಿತು. ಮಾರ್ಕ್ ಶುಲ್ಟ್ಸ್ ಅವರ ‘ಝೀನೊಝೋಯಿಕ್ ಟೇಲ್ಸ್’ ಚಿತ್ರಕಥೆಗಳನ್ನು ಆಧರಿಸಿದ ಮುಸ್ತಫಾ ಆಟ ಈ ಸಾಲಿನಲ್ಲಿ ತಡವಾಗಿ ಬಂದದ್ದು. ಹೊಸದನ್ನು ಕಂಡುಹಿಡಿಯುವುದಕ್ಕಿಂತ, ಇದ್ದ ವಿದ್ಯೆಯನ್ನು ಹದಗೊಳಿಸಿದ್ದೇ ಅದರ ಹೆಚ್ಚುಗಾರಿಕೆ.

ಆ ಹದವನ್ನು ಹತ್ತಿರದಿಂದ ನೋಡಬೇಕು. ಆಟಗಾರನ ಕೈಯಲ್ಲಿರುವುದು ಒಂದು ಹಿಡಿಕೋಲು ಮತ್ತು ಎರಡು ಗುಂಡಿ, ಒಂದು ಹೊಡೆಯಲು, ಒಂದು ಜಿಗಿಯಲು. ಎರಡನ್ನೂ ಒಟ್ಟಿಗೆ ಒತ್ತಿದರೆ ಸುತ್ತ ನಿಂತವರೆಲ್ಲ ಒಮ್ಮೆಗೇ ಉರುಳುತ್ತಾರಾದರೂ ಆ ಏಟು ತಾಗಿದಾಗ ಆಟಗಾರನ ಪ್ರಾಣಶಕ್ತಿಯೂ ಸ್ವಲ್ಪ ಕರಗುತ್ತದೆ. ಪರದೆ ಚಪ್ಪಟೆಯಾಗಿದ್ದರೂ ಪಾತ್ರಗಳು ಮೇಲಕ್ಕೂ ಕೆಳಕ್ಕೂ ಸರಿಯಬಲ್ಲವು, ಮತ್ತು ಇಬ್ಬರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಂತಾಗ ಮಾತ್ರ ಏಟು ತಾಗುತ್ತದೆ. ಹೀಗಾಗಿ ಪಳಗಿದವನು ಎದುರಾಳಿಯ ಗೆರೆಯಿಂದ ತುಸು ಮೇಲೆ ಅಥವಾ ಕೆಳಗೆ ನಿಂತು, ಓರೆಯಾಗಿ ನುಗ್ಗಿ, ಹಿಡಿದೆತ್ತಿ ಗುಂಪಿನ ಮೇಲೆಯೇ ಎಸೆಯುತ್ತಾನೆ. ಎರಡೂ ಕಡೆಯಿಂದ ಸುತ್ತುವರಿಸಿಕೊಳ್ಳದೆ ಎಲ್ಲರನ್ನೂ ಒಂದೇ ಬದಿಗೆ ತಂದುಕೊಳ್ಳುವುದೇ ಅವನ ನಿಜವಾದ ಕಸುಬು. ಮುಸ್ತಫಾನ ವೇಗ ಮತ್ತು ಓಡಿಬಂದು ಹಾರಿ ಒದೆಯುವ ಪಟ್ಟು ಈ ಕೆಲಸಕ್ಕೆ ಎಲ್ಲಕ್ಕಿಂತ ಹೇಳಿ ಮಾಡಿಸಿದಂತಿದ್ದವು. ಆದ್ದರಿಂದ ಆಟಕ್ಕೆ ಅವನ ಹೆಸರು ಅಂಟಿಕೊಂಡದ್ದರಲ್ಲಿ, ನಾಲ್ವರನ್ನೂ ಆಡಿ ನೋಡಿದವರ ತೀರ್ಮಾನವೊಂದು ಅಡಗಿದೆ ಎಂದು ಭಾವಿಸಬಹುದು.

ಒಂದು ಸಂಪ್ರದಾಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಉಡುಪಿಯ ಸೀಮೆಯಲ್ಲಿ ಒಂದು ಅಳತೆಗೋಲು ಕೈಗೆ ಸಿಗುವಂತೆಯೇ ಇದೆ. ಆದಿ ಉಡುಪಿಯಿಂದ ಬಡಗಲಾಗಿ ಬಡಗುತಿಟ್ಟು, ಕಾಪು ಕಾರ್ಕಳಗಳ ಕಡೆ ತೆಂಕುತಿಟ್ಟು ಬಲವಾಗಿರುವ ಈ ನಾಡಿನಲ್ಲಿ, ಯಕ್ಷಗಾನದ ಒಂದು ತಿಟ್ಟು, ಅಂದರೆ ಒಂದು ಶೈಲಿಯ ಪರಂಪರೆ, ಉಳಿಯುವುದು ನೋಡುವವರ ಪ್ರೀತಿಯೊಂದರಿಂದಲೇ ಅಲ್ಲ. ಹೆಜ್ಜೆ, ತಾಳ, ಮುಖವರ್ಣಿಕೆಗಳನ್ನು ಬಿಡಿಸಿ ಹೇಳಿಕೊಡುವ ಗುರುಗಳು, ಅವನ್ನು ತಿದ್ದಿ ಹೊಸತು ಕಟ್ಟುವ ಶಿಷ್ಯರು ಇರಬೇಕು. 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ, ಶಿವರಾಮ ಕಾರಂತರ ಪ್ರಯೋಗಗಳ ನೆಲೆಯೂ ಆಗಿ, ಈ ಕೆಲಸವನ್ನೇ ಮಾಡಿತು. ಈ ಅಳತೆಯಿಂದ ನೋಡಿದರೆ ಮುಸ್ತಫಾ ಆಟಕ್ಕೆ ನಮ್ಮಲ್ಲಿ ರಸಿಕರು ಅಪಾರವಾಗಿ ದೊರೆತರು, ಅದನ್ನು ಬಿಚ್ಚಿ ಕಲಿತು ಮುಂದುವರಿಸುವವರು ದೊರೆಯಲಿಲ್ಲ.

ಅದಕ್ಕೆ ಕಾರಣ ಆಟಗಾರರ ಅನಾಸಕ್ತಿಯಲ್ಲ, ಯಂತ್ರದ ಸ್ವರೂಪ. ಆಟದ ಮೂಲ ಸರ್ಕ್ಯೂಟ್ ಬೋರ್ಡಿನಲ್ಲಿ ಶಬ್ದಕ್ಕೆ ಸಂಬಂಧಿಸಿದ ಭಾಗ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿಯನ್ನು ಒಂದು ಬ್ಯಾಟರಿಯ ಆಸರೆಯಲ್ಲಿ ಇಟ್ಟಿದ್ದರಿಂದ, ಬ್ಯಾಟರಿ ತೀರಿದರೆ ಕೀಲಿಯೇ ಅಳಿಸಿಹೋಗುತ್ತಿತ್ತು. ನಕಲು ತಡೆಯಲು ಮಾಡಿದ ಈ ಏರ್ಪಾಟಿನ ನಡುವೆಯೂ ನಕಲಿ ಬೋರ್ಡುಗಳು ಬಂದವು. ಆದರೆ ಅಸಲಿಯಾಗಲಿ ನಕಲಿಯಾಗಲಿ, ಅಂಗಡಿಯ ಮುಂದೆ ಚಿಲ್ಲರೆ ಹಿಡಿದು ನಿಂತ ಹುಡುಗನಿಗೆ ಅದು ಬೀಗ ಹಾಕಿದ ಪೆಟ್ಟಿಗೆಯೇ ಆಗಿತ್ತು.

ಸಮಾಜ ಮತ್ತು ಸರ್ಕಾರಗಳ ನೋಟವೂ ಇದಕ್ಕೆ ಕೂಡಿಕೊಂಡಿತು. ಬೆಂಗಳೂರು ನಗರದ ವಿಡಿಯೋ ಗೇಮ್ ಕೇಂದ್ರಗಳು ಪರವಾನಗಿ ಪಡೆಯಬೇಕೆಂಬ 1989ರ ಆದೇಶವನ್ನು ಪ್ರಶ್ನಿಸಿದ ‘ಎಂ. ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, ಇಂಥ ಆಟಗಳನ್ನು ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಯಂತ್ರವನ್ನು ತಿರುಚಿ ಜೂಜು ನಡೆಸುವವರಿದ್ದುದರಿಂದ ಆ ಕಾಳಜಿಗೆ ಆಧಾರವಿತ್ತು. ಆದರೂ ಚರ್ಚೆಯೆಲ್ಲ ಕೌಶಲವೋ ಅದೃಷ್ಟವೋ ಎಂಬಲ್ಲಿಗೇ ನಿಂತು, ಆಟವೊಂದು ಕಲಾಕೃತಿಯೂ ಆಗಿರಬಹುದು ಎಂಬ ಪ್ರಶ್ನೆ ಏಳದೇ ಹೋದದ್ದು ದುಃಖದ ಸಂಗತಿ. ಡೈನೋಸಾರ್‌ಗಳನ್ನು ಕೊಲ್ಲುವ ಕಳ್ಳಬೇಟೆಗಾರರ ವಿರುದ್ಧ ನಾಯಕರು ಹೋರಾಡುವ ಈ ಕಥೆಯ ಪರಿಸರಪ್ರಜ್ಞೆಯನ್ನು ಗುರುತಿಸಿ ಬರೆಯಲು ಅಂದು ಕನ್ನಡದಲ್ಲಿ ವಿಮರ್ಶೆಯ ಪರಿಭಾಷೆಯೇ ಬೆಳೆದಿರಲಿಲ್ಲ.

ಕರ್ನಾಟಕದಲ್ಲಿ ಆಟ ತಯಾರಿಕೆ ಮೊದಲಾದಾಗ ಅದು ಬೇರೆಯೇ ದಾರಿ ಹಿಡಿಯಿತು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ‘ಫೋರ್ಝಾ’ದಂಥ ಕಾರ್ ಪಂದ್ಯದ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ವಿದೇಶಿ ಕಂಪನಿಗಳ ವಿಶ್ವಾಸ ಗಳಿಸಿತು, 2019ರಲ್ಲಿ ಅದು ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಈ ಸಾಧನೆ ಸಣ್ಣದಲ್ಲ, ನೂರಾರು ಕಲಾವಿದರ ಕೈ ಪಳಗಿದ್ದು ಅಲ್ಲಿಯೇ. ಆದರೆ ಪರರ ಆಟಕ್ಕೆ ಬಿಡಿಭಾಗ ಒದಗಿಸುವ ಉದ್ಯಮದಿಂದ ತಿಟ್ಟೊಂದು ಹುಟ್ಟುವುದು ಕಷ್ಟ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಈ ದೃಷ್ಟಿಯಿಂದ ಮಹತ್ವದ್ದು. ಪಹಾಡಿ ಚಿತ್ರಕಲೆಯ ಬಣ್ಣಗಳನ್ನೂ ಪುರಾಣದ ದೇವತೆಗಳನ್ನೂ ಹೊಡೆದಾಟದ ಆಟದೊಳಕ್ಕೆ ತಂದ ಆ ಕೃತಿಯಲ್ಲಿ, ಇಲ್ಲಿನ ಕಲೆಗಳು ಆಟದ ವ್ಯಾಕರಣವನ್ನು ಬದಲಿಸಬಲ್ಲವು ಎಂಬುದಕ್ಕೆ ಪುರಾವೆ ಸಿಗುತ್ತದೆ.

ಇತ್ತ ಮುಸ್ತಫಾ ಆಟ ಬದುಕಿದ್ದು ಎಮ್ಯುಲೇಟರ್‌ಗಳಿಂದ, ಅಂದರೆ ಹಳೆಯ ಯಂತ್ರದ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶಗಳಿಂದ. ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿದ ‘ಮೇಮ್’ ಅವುಗಳಲ್ಲಿ ಮುಖ್ಯವಾದುದು. ಅಂಗಡಿಯ ಯಂತ್ರಗಳು ಮೂಲೆಗುಂಪಾದ ಮೇಲೆ ಆಟ ಮೊದಲು ಮನೆಯ ಕಂಪ್ಯೂಟರಿಗೂ ಆಮೇಲೆ ಮೊಬೈಲ್ ಫೋನಿಗೂ ದಾಟಿಕೊಂಡಿತು. ಈ ದಾಟುವಿಕೆಯಲ್ಲಿ ಕಳೆದುಹೋದದ್ದೂ ಇದೆ: ಮೂವರು ಭುಜಕ್ಕೆ ಭುಜ ತಾಗಿಸಿ ನಿಂತು, ಶಕ್ತಿ ಕುಂದಿದವನಿಗೆ ಆಹಾರ ಬಿಟ್ಟುಕೊಟ್ಟು ಒಟ್ಟಾಗಿ ಆಡುವುದಕ್ಕೆಂದೇ ಕಟ್ಟಿದ ಆಟ, ಒಬ್ಬನೇ ಗಾಜಿನ ಪರದೆ ತಟ್ಟುತ್ತ ಆಡುವಂಥದಾಯಿತು, ನಾಣ್ಯಕ್ಕೆ ಬೆಲೆಯಿಲ್ಲದಾದ್ದರಿಂದ ಸೋಲಿಗೂ ಬೆಲೆಯಿಲ್ಲದಾಯಿತು.

ಕ್ಯಾಪ್‌ಕಾಮ್ 2018ರಲ್ಲಿ ತನ್ನ ಹಳೆಯ ಹೊಡೆದಾಟದ ಆಟಗಳಲ್ಲಿ ಏಳನ್ನು ಒಂದೇ ಸಂಪುಟವಾಗಿ ಮತ್ತೆ ಬಿಡುಗಡೆ ಮಾಡಿದಾಗ ಮುಸ್ತಫಾನಿಗೆ ಅದರಲ್ಲಿ ಜಾಗವಿರಲಿಲ್ಲ. ಬೇರೊಬ್ಬರ ಚಿತ್ರಕಥೆಯನ್ನು ಆಧರಿಸಿದ ಆಟವಾದ್ದರಿಂದ ಅದರ ಮರುಪ್ರಕಟಣೆ ತಯಾರಕರೊಬ್ಬರ ಇಚ್ಛೆಯಿಂದ ಆಗುವಂಥದಲ್ಲ. ಮನೆಯಲ್ಲಿ ಆಡುವ ಯಂತ್ರಗಳಿಗೆ ಅಧಿಕೃತವಾಗಿ ಎಂದೂ ಬಾರದ ಈ ಆಟವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ಪರವಾನಗಿಯಿಲ್ಲದ ಪ್ರತಿಗಳನ್ನು ಕೈಯಿಂದ ಕೈಗೆ ದಾಟಿಸಿದ ಆಟಗಾರರೇ. ಕಾನೂನು ಅವರ ಪರವಾಗಿಲ್ಲ, ಆದರೆ ಆಟದ ಇತಿಹಾಸ ಬರೆಯುವವರು ಮೊದಲು ಕೇಳಬೇಕಾದದ್ದು ಅವರನ್ನೇ.