ಸಿಗಾರಿನ ಏಣಿಯನ್ನು ನಂಬಬೇಕಿಲ್ಲ

ಸಿಗಾರ್ ಸೇದುವವರ ನಡುವೆ ಒಂದು ಕಥೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಹೊಸಬ ಮೊದಲು ತಿಳಿಬಣ್ಣದ ಕನೆಕ್ಟಿಕಟ್ ಎಲೆ ಸುತ್ತಿದ ಮೆದು ಡೊಮಿನಿಕನ್ ಸಿಗಾರ್ ಹಿಡಿಯುತ್ತಾನೆ. ಒಂದೆರಡು ವರ್ಷದಲ್ಲಿ ಅದು ಸಪ್ಪೆ ಅನ್ನಿಸಿ ನಿಕರಾಗುವಾದ ಗಡಸು ಸಿಗಾರಿನ ಕಡೆ ಹೊರಳುತ್ತಾನೆ. ಆಮೇಲೆ ಕ್ಯೂಬಾ. ಅಲ್ಲಿಯೂ ಮಾಂಟೆಕ್ರಿಸ್ಟೋದಿಂದ ಶುರುಮಾಡಿ ಕೊಹೀಬಾ ತನಕ ಹೋಗುತ್ತಾನೆ. ಕಟ್ಟಕಡೆಗೆ ಹತ್ತಾರು ವರ್ಷ ಪೆಟ್ಟಿಗೆಯಲ್ಲಿ ಮಾಗಿದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟದ ರಸಿಕನಾಗುತ್ತಾನೆ. ಲೌಂಜುಗಳಲ್ಲಿ ಹಿರಿಯರು ಕಿರಿಯರಿಗೆ ಹೇಳಿಕೊಡುವುದು ಇದನ್ನೇ, ಅಂಗಡಿಯವರು ಹೊಸ ಗಿರಾಕಿಗೆ ಹೇಳುವುದೂ ಇದನ್ನೇ. ನಾಲಿಗೆ ಪಳಗಿದಂತೆ ಸೇದುವವನು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾನೆ ಎಂಬುದು ಇದರ ಸಾರ.

ಈ ಏಣಿಯನ್ನು ನಾನು ನಂಬುವುದಿಲ್ಲ. ಸೇದುವವನು ಕಾಲಕ್ರಮದಲ್ಲಿ ಬದಲಾಗುತ್ತಾನೆ, ನಿಜ. ಆದರೆ ಆ ಬದಲಾವಣೆಯ ಬಹುಪಾಲು ಅಭಿರುಚಿಯದಲ್ಲ. ಮೈಗೆ ಆದ ರೂಢಿ, ಹೆಸರಿನ ಮೇಲಿನ ಮೋಹ, ಕೂಡಿಡುವ ಹಂಬಲ ಇವೇ ಅದರಲ್ಲಿ ಹೆಚ್ಚು. ಇವನ್ನೆಲ್ಲ ಅಭಿರುಚಿಯ ಖಾತೆಗೆ ಬರೆದುಕೊಂಡಿರುವುದರಿಂದ, ಸೇದುವವನ ಬದುಕಿನ ಎಲ್ಲಕ್ಕಿಂತ ದೊಡ್ಡ ತಿರುವಿಗೆ ಆ ಕಥೆಯಲ್ಲಿ ಜಾಗವೇ ಇಲ್ಲದಂತಾಗಿದೆ.

ಮೊದಲು ಗಡಸುತನದ ಮಾತು. ಅಭ್ಯಾಸವಿಲ್ಲದವನ ಕೈಗೆ ಗಡಸು ಸಿಗಾರ್ ಕೊಟ್ಟರೆ ಅರ್ಧಕ್ಕೆ ಬರುವಷ್ಟರಲ್ಲಿ ಹಣೆಯ ಮೇಲೆ ತಣ್ಣನೆ ಬೆವರು ಮೂಡುತ್ತದೆ, ಹೊಟ್ಟೆ ತೊಳಸುತ್ತದೆ, ತಲೆ ಸುತ್ತುತ್ತದೆ. ಪಕ್ಕದವರು ಒಂದಿಷ್ಟು ಸಕ್ಕರೆ ಬಾಯಿಗೆ ಹಾಕಿಕೊಳ್ಳಲು ಹೇಳುತ್ತಾರೆ. ನಿಕೋಟಿನ್ ಮೈಗೇರಿದ ಲಕ್ಷಣ ಅದು. ಕೆಲವು ತಿಂಗಳು ಬಿಡದೆ ಸೇದಿದರೆ ಅದೇ ಸಿಗಾರಿನಿಂದ ಅವನಿಗೆ ಏನೂ ಆಗುವುದಿಲ್ಲ. ಇಲ್ಲಿ ನಾಲಿಗೆ ಏನನ್ನೂ ಕಲಿತಿಲ್ಲ, ಮೈ ಒಂದು ವಿಷಕ್ಕೆ ಒಗ್ಗಿಕೊಂಡಿದೆ. ಬ್ಯಾಡಗಿ ಮೆಣಸಿನಕಾಯಿ ಬಿಟ್ಟು ಗುಂಟೂರಿನದಕ್ಕೆ ಹೋದವನಿಗೆ ಖಾರ ತಡೆಯುವ ಶಕ್ತಿ ಬಂದಿರಬಹುದು. ಸಾರಿನ ಹದ ಅವನಿಗೆ ಮೊದಲಿಗಿಂತ ಚೆನ್ನಾಗಿ ತಿಳಿಯಿತು ಎಂದು ಯಾರೂ ಹೇಳುವುದಿಲ್ಲ. ವಯಸ್ಸಾದಂತೆ ಮೂಗಿನ ಶಕ್ತಿ ಬಹುತೇಕ ಎಲ್ಲರಿಗೂ ಕುಗ್ಗುತ್ತದೆ, ಹೊಗೆ ಅದನ್ನು ಇನ್ನಷ್ಟು ಮೊಂಡಾಗಿಸುತ್ತದೆ. ಮೆದು ಸಿಗಾರ್ ಸಪ್ಪೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಹಾಗಿದ್ದಾಗ ಅದನ್ನು ನಷ್ಟ ಎಂದು ಗುರುತಿಸಬೇಕೇ ಹೊರತು ಬಡ್ತಿ ಎಂದಲ್ಲ.

ಕಪ್ಪಗಿದ್ದದ್ದೆಲ್ಲ ಗಡಸು ಎಂಬ ನಂಬಿಕೆಯೂ ಇದೇ ಏಣಿಯದು. ಮಡ್ಯೂರೋ ಎಂಬ ಹೊದಿಕೆ ಎಲೆ ಕಪ್ಪಾಗುವುದು ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುಳಿಯಲು ಬಿಟ್ಟಿದ್ದರಿಂದ. ಅದರಿಂದ ಎಲೆಗೆ ಸಿಹಿ ಛಾಯೆ ಬರುತ್ತದೆ. ಗಡಸುತನ ನಿಂತಿರುವುದು ಒಳಗಿನ ಎಲೆಯ ಮೇಲೆ, ಅಂದರೆ ಗಿಡದ ತುದಿಯಲ್ಲಿ ಬಿಸಿಲುಂಡು ಬೆಳೆದ ಲಿಗೇರೋ ಎಷ್ಟು ಸೇರಿದೆ ಎಂಬುದರ ಮೇಲೆ.

ಹೆಸರಿನ ವಿಚಾರಕ್ಕೆ ಬಂದರೆ, ಇದನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬರು ಪರೀಕ್ಷೆ ಮಾಡಿ ಬರೆದಿಟ್ಟಿದ್ದಾರೆ. ಮಾರ್ಕ್ ಟ್ವೇನ್ ಅಗ್ಗದ ಸಿಗಾರ್ ಸೇದುತ್ತಿದ್ದರು. ಅವರ ಮನೆಗೆ ಬರುವ ಗೆಳೆಯರು ಅವರ ಪೆಟ್ಟಿಗೆಗೆ ಹೆದರಿ ತಮ್ಮ ಸಿಗಾರ್ ತಾವೇ ತರುತ್ತಿದ್ದರು. ತಂಬಾಕಿನ ಬಗ್ಗೆ ಬರೆದ ಒಂದು ಪ್ರಬಂಧದಲ್ಲಿ ಅವರು ಹೇಳುವ ಪ್ರಸಂಗ ಹೀಗಿದೆ. ದುಬಾರಿ ಸಿಗಾರಿಗೆ ಹೆಸರಾದ ಶ್ರೀಮಂತ ಗೆಳೆಯನೊಬ್ಬನ ಮನೆಯಿಂದ ಕೈತುಂಬ ಸಿಗಾರ್ ತಂದರು. ಅವಕ್ಕೆ ಕೆಂಪು, ಬಂಗಾರದ ಬಣ್ಣದ ಪಟ್ಟಿ ಇತ್ತು. ಆ ಪಟ್ಟಿಗಳನ್ನು ಕಿತ್ತು, ತಮ್ಮ ಅಗ್ಗದ ಸಿಗಾರಿನ ಪೆಟ್ಟಿಗೆಯಲ್ಲಿ ಹಾಕಿಟ್ಟರು. ಊಟ ಮುಗಿದ ಮೇಲೆ ಅತಿಥಿಗಳಿಗೆ ಕೊಟ್ಟರು. ಎಲ್ಲರೂ ಹಚ್ಚಿದರು, ಮುಖ ಗಂಟಿಕ್ಕಿಕೊಂಡು ಸ್ವಲ್ಪ ಹೊತ್ತು ಹೋರಾಡಿದರು, ಒಬ್ಬೊಬ್ಬರಾಗಿ ನೆಪ ಹೇಳಿ ಎದ್ದುಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಸಿಗಾರುಗಳು ಬಾಗಿಲಿನಿಂದ ಗೇಟಿನವರೆಗಿನ ದಾರಿಯಲ್ಲಿ ಬಿದ್ದಿದ್ದವು. ಒಂದು ಮಾತ್ರ ತಟ್ಟೆಯಲ್ಲಿತ್ತು. ಅದು, ಸಿಗಾರಿನ ಮಾಲೀಕನೇ ಆಗಿದ್ದ ಆ ಶ್ರೀಮಂತ ಗೆಳೆಯನ ತಟ್ಟೆ. ದಿನವೂ ಸೇದುವ ತನ್ನದೇ ಸಿಗಾರನ್ನು ಅವನ ನಾಲಿಗೆ ಗುರುತಿಸಲಿಲ್ಲ.

ಇದನ್ನು ಬರಿಯ ತಮಾಷೆ ಎಂದು ಓದಿ ಬಿಡುವುದು ಸುಲಭ. ನನಗೆ ಇದು ಗಟ್ಟಿಯಾದ ಸಾಕ್ಷ್ಯವಾಗಿ ಕಾಣುತ್ತದೆ. ಕ್ಯೂಬಾ ಶಿಖರ ಎಂಬ ಮಾತನ್ನು ಇದರ ಬೆಳಕಿನಲ್ಲಿ ನೋಡಿ. 1960ರಲ್ಲಿ ಕ್ಯೂಬಾದ ಸಿಗಾರ್ ಕಾರ್ಖಾನೆಗಳು ಸರ್ಕಾರದ ಪಾಲಾದ ಮೇಲೆ ಅಲ್ಲಿನ ಹಳೆಯ ತಂಬಾಕು ಕುಟುಂಬಗಳು ಬೀಜ ಮತ್ತು ವಿದ್ಯೆ ಹೊತ್ತು ಡೊಮಿನಿಕನ್ ಗಣರಾಜ್ಯ, ನಿಕರಾಗುವಾ, ಹೊಂಡುರಾಸ್‌ಗಳಿಗೆ ಚದುರಿದವು. 1962ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ಮೇಲಿನ ವ್ಯಾಪಾರ ದಿಗ್ಬಂಧನಕ್ಕೆ ಸಹಿ ಹಾಕಿದರು. ಸಹಿ ಹಾಕುವ ಮುನ್ನ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಕೈಲಿ ಎಚ್. ಅಪ್‌ಮನ್ ಕಂಪನಿಯ 1200 ಸಿಗಾರ್ ತರಿಸಿಟ್ಟುಕೊಂಡಿದ್ದರು ಎಂಬುದನ್ನು ಸಾಲಿಂಜರ್ ಅವರೇ ಬರೆದಿದ್ದಾರೆ. ಅಂದಿನಿಂದ ಅಮೆರಿಕದ ಅಂಗಡಿಗಳಿಗೆ ಕ್ಯೂಬಾದ ಸಿಗಾರ್ ನಿಷಿದ್ಧ ವಸ್ತು. ಜಗತ್ತಿನ ಅತಿ ದೊಡ್ಡ ಸಿಗಾರ್ ಮಾರುಕಟ್ಟೆಗೆ ಸಿಗದ ವಸ್ತು ಎಲ್ಲರ ಕಣ್ಣಲ್ಲೂ ಎತ್ತರದಲ್ಲಿ ನಿಂತಿತು. ಕ್ಯೂಬಾದ ತಂಬಾಕು ಬೆಳೆಯುವ ಪಿನಾರ್ ದೆಲ್ ರಿಯೋದ ಮಣ್ಣು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಖರದ ಎತ್ತರದಲ್ಲಿ ಮಣ್ಣಿನ ಪಾಲೆಷ್ಟು, ಕಾನೂನಿನ ಪಾಲೆಷ್ಟು ಎಂದು ಕೇಳುವವರು ಕಡಿಮೆ. 2022ರಲ್ಲಿ ಕೊಹೀಬಾ ಮತ್ತು ಟ್ರಿನಿಡಾಡ್ ಎಂಬ ಕ್ಯೂಬಾದ ಸಿಗಾರುಗಳ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗಿನ ಮಟ್ಟಕ್ಕೆ ಏರಿಸಲಾಯಿತು. ಎಲೆ ಅದೇ, ಸುತ್ತುವ ಕೈಯೂ ಅದೇ. ಬೆಲೆ ಏರಿದ್ದರಿಂದ ಅವುಗಳ ಪ್ರತಿಷ್ಠೆ ಕುಗ್ಗಲಿಲ್ಲ, ಹೆಚ್ಚಿತು. ನಾಲಿಗೆಯೇ ತೀರ್ಪುಗಾರನಾಗಿದ್ದರೆ ಬೆಲೆ ಏರಿದ ಮಾತ್ರಕ್ಕೆ ಪ್ರತಿಷ್ಠೆ ಬದಲಾಗಬೇಕಿರಲಿಲ್ಲ.

ಜೀನೋ ಡೇವಿಡಾಫ್ ಅವರ ಬದುಕು ಈ ಏಣಿಗೆ ತಿರುಗಿ ನಿಂತ ಉದಾಹರಣೆ. ಕೀವ್‌ನಲ್ಲಿ ಹುಟ್ಟಿ ಜಿನೀವಾದಲ್ಲಿ ತಂದೆಯ ತಂಬಾಕಿನ ಅಂಗಡಿಯಲ್ಲಿ ಬೆಳೆದ ಅವರು ಯುರೋಪಿಗೆ ಹವಾನಾ ಸಿಗಾರಿನ ರುಚಿ ಹತ್ತಿಸಿದವರಲ್ಲಿ ಮೊದಲಿಗರು. 1960ರ ದಶಕದ ಕೊನೆಯಲ್ಲಿ ಅವರ ಹೆಸರಿನ ಸಿಗಾರ್ ಹವಾನಾದಲ್ಲೇ ತಯಾರಾಗತೊಡಗಿತು. ಅಂಥವರು 1989ರಲ್ಲಿ ಗುಣಮಟ್ಟ ಸರಿಯಿಲ್ಲ ಎಂದು ಲಕ್ಷಕ್ಕೂ ಮಿಕ್ಕಿದ ಸಿಗಾರುಗಳನ್ನು ಸುಟ್ಟುಹಾಕಿಸಿದರು. ಕ್ಯೂಬಾದ ಸರ್ಕಾರಿ ಸಂಸ್ಥೆಯೊಂದಿಗೆ ವ್ಯವಹಾರದ ಜಗಳವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆಮೇಲೆ ಅವರ ಸಿಗಾರ್ ಡೊಮಿನಿಕನ್ ಗಣರಾಜ್ಯಕ್ಕೆ ಹೋಯಿತು, ಮೆದುವಾಯಿತು. ಎಂಬತ್ತು ದಾಟಿದ, ಬದುಕಿಡೀ ಎಲೆಯ ನಡುವೆಯೇ ಕಳೆದ ಮನುಷ್ಯ ಗಡಸಿನಿಂದ ಮೆದುವಿಗೆ, ಹವಾನಾದಿಂದ ಹೊರಕ್ಕೆ ಬಂದದ್ದನ್ನು ಏಣಿಯ ಯಾವ ಮೆಟ್ಟಿಲಿನಲ್ಲಿ ಇಡುವುದು? ಅಮೆರಿಕದ ಹಾಸ್ಯನಟ ಜಾರ್ಜ್ ಬರ್ನ್ಸ್ ಏನು ಬೇಕಾದರೂ ಕೊಳ್ಳಬಲ್ಲವರಾಗಿದ್ದರು. ಕೊನೆಯ ತನಕ ಸೇದಿದ್ದು ಎಲ್ ಪ್ರೊಡಕ್ಟೋ ಎಂಬ ಅಗ್ಗದ ಸಿಗಾರ್. ವೇದಿಕೆಯ ಮೇಲೆ ಮಾತಾಡುವಾಗ ಅದು ಆರಿಹೋಗುತ್ತಿರಲಿಲ್ಲ, ಅವರಿಗೆ ಬೇಕಿದ್ದದ್ದು ಅಷ್ಟೇ. ತನಗೆ ಏನು ಬೇಕೆಂದು ಇಷ್ಟು ಸ್ಪಷ್ಟವಾಗಿ ತಿಳಿದವನನ್ನು ಅಭಿರುಚಿ ಬೆಳೆಯದವನು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಕೂಡಿಡುವ ಹಂತ. ನಾಲ್ಕೈದು ವರ್ಷವಾಗುವಷ್ಟರಲ್ಲಿ ಮೇಜಿನ ಮೇಲಿನ ಚಿಕ್ಕ ಹ್ಯೂಮಿಡಾರ್ (ಸಿಗಾರಿಗೆ ತಕ್ಕ ತೇವ ಕಾಪಾಡುವ ಪೆಟ್ಟಿಗೆ) ತುಂಬಿ, ಎರಡನೆಯದು ಬಂದು, ಆಮೇಲೆ ಬೀರುವಿನ ಗಾತ್ರದ್ದೇ ಮನೆಗೆ ಬರುತ್ತದೆ. ವಾರಕ್ಕೆ ಎರಡು ಸೇದುವವನಿಗೆ ವರ್ಷಕ್ಕೆ ನೂರು ಸಾಕು. ಐನೂರು ಕೂಡಿಟ್ಟವನ ಬಳಿ ಐದು ವರ್ಷದ ದಾಸ್ತಾನಿದೆ. ಆದರೂ ಹೊಸ ಪೆಟ್ಟಿಗೆ ಬಂತೆಂದರೆ ಕೊಳ್ಳುತ್ತಾನೆ. ಈ ಹೊತ್ತಿಗೆ ಅವನ ಮಾತೂ ಬದಲಾಗಿರುತ್ತದೆ. ರುಚಿಯ ಮಾತು ಕಡಿಮೆಯಾಗಿ ಪೆಟ್ಟಿಗೆಯ ತಳದಲ್ಲಿ ಒತ್ತಿದ ತಿಂಗಳು, ವರ್ಷ, ನಿಂತುಹೋದ ಅಳತೆಗಳು, ಮರುಮಾರಾಟದ ಬೆಲೆ ಇವೇ ಹೆಚ್ಚಾಗುತ್ತವೆ. ಮಾಗಿಸುವುದರಲ್ಲಿ ಸತ್ಯವಿದೆ. ಎಳೆಯ ಸಿಗಾರಿನಲ್ಲಿ ಹುಳಿಯುವಾಗ ಹುಟ್ಟಿದ ಅಮೋನಿಯಾ ಉಳಿದಿರುತ್ತದೆ, ಕೆಲವು ತಿಂಗಳು ಬಿಟ್ಟರೆ ಅದರ ಘಾಟು ಇಳಿಯುತ್ತದೆ. ಆದರೆ ವರ್ಷ ಹೆಚ್ಚಿದಷ್ಟೂ ರುಚಿ ಹೆಚ್ಚುತ್ತದೆ ಎಂಬುದು ಸುಳ್ಳು. ಪರಿಮಳ ಹಾರಿಹೋಗುವ ವಸ್ತು. ಗಡಸಾದವುಗಳಲ್ಲಿ ಕೆಲವು ದಶಕಗಟ್ಟಲೆ ತಡೆಯುತ್ತವೆ, ಮೆದುವಾದವು ಅಷ್ಟರಲ್ಲಿ ಒಣ ಎಲೆಯ ವಾಸನೆಗೆ ಬಂದಿರುತ್ತವೆ.

ನಮ್ಮ ಹವೆಯಲ್ಲಂತೂ ಕೂಡಿಡುವುದೇ ಒಂದು ಕಾವಲು ಕೆಲಸ. ತೇವ ಶೇಕಡಾ 65ರಿಂದ 70ರ ನಡುವೆ ಇರಬೇಕು, ಬಿಸಿ 20 ಡಿಗ್ರಿಯ ಆಸುಪಾಸು. ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಎಲೆಯೊಳಗೇ ಅಡಗಿದ್ದ ತಂಬಾಕಿನ ದುಂಬಿಯ ಮೊಟ್ಟೆ ಒಡೆಯುತ್ತದೆ. ಒಂದು ದಿನ ಮುಚ್ಚಳ ತೆಗೆದರೆ ಹೊದಿಕೆಯ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು, ಅದರ ಕೆಳಗೆ ಚಿಟಿಕೆಯಷ್ಟು ಕಂದು ಪುಡಿ. ಒಂದರಲ್ಲಿ ಕಂಡಿತೆಂದರೆ ಉಳಿದವನ್ನೂ ಒಂದೊಂದಾಗಿ ತಿರುಗಿಸಿ ನೋಡಿ, ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಬೇಕು. ಸೇದುವ ಸಂತೋಷ ಕಾಯುವ ಚಿಂತೆಯಾಗಿ ಬದಲಾಗುವುದು ಹೀಗೆ. ಇದನ್ನು ರಸಿಕತೆಯ ಮೇಲಿನ ಮೆಟ್ಟಿಲು ಎಂದು ಕರೆಯುವುದು ಸೇದುವವನಿಗೇ ಮಾಡುವ ಅನ್ಯಾಯ.

ಹಾಗಾದರೆ ಕಲಿಯುವುದು ಏನೂ ಇಲ್ಲವೇ? ಇದೆ. ನಿಮಿಷಕ್ಕೊಂದು ದಮ್ಮಿಗಿಂತ ಹೆಚ್ಚು ಎಳೆದರೆ ಬೆಂಕಿ ಕಾದು ಹೊಗೆ ಕಹಿಯಾಗುತ್ತದೆ ಎಂದು ತಿಳಿಯುವುದು ಕಲಿಕೆ. ಹಚ್ಚುವ ಮುನ್ನ ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತ ಹೋಗಿ ಎಲ್ಲಿ ಟೊಳ್ಳು, ಎಲ್ಲಿ ಗಂಟು ಎಂದು ಗುರುತಿಸುವುದು ಕಲಿಕೆ. ಆ ಗಂಟಿನ ಹಿಂದೆ ಒಬ್ಬರ ಕೈ ಇದೆ. ಹವಾನಾದ ಕಾರ್ಖಾನೆಯಲ್ಲಿ ಅರ್ಧಚಂದ್ರದಂಥ ಅಲಗು ಹಿಡಿದು ದಿನಕ್ಕೆ ನೂರರ ಆಸುಪಾಸು ಸಿಗಾರ್ ಸುತ್ತುವವರು, ಎದುರಿನ ಕಟ್ಟೆಯ ಮೇಲೆ ಕುಳಿತು ಒಬ್ಬರು ಪತ್ರಿಕೆ, ಕಾದಂಬರಿ ಓದುವುದನ್ನು ಕೇಳುತ್ತ ಸುತ್ತುತ್ತಾರೆ. 1860ರ ದಶಕದಿಂದ ಬಂದ ರೂಢಿ ಇದು. ಮಾಂಟೆಕ್ರಿಸ್ಟೋ ಎಂಬ ಹೆಸರಿನ ಮೂಲವೂ ಅವರು ಕೇಳಿ ಮೆಚ್ಚಿದ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ ಎನ್ನುತ್ತಾರೆ. ಸೇದುವವನ ಗಮನ ಪಟ್ಟಿಯಿಂದ ಆ ಕೈಗಳ ಕಡೆಗೆ ಹೋದರೆ ಅದನ್ನು ಬೆಳವಣಿಗೆ ಎಂದು ನಾನು ಒಪ್ಪುತ್ತೇನೆ. ಆದರೆ ಇದಕ್ಕೆ ದುಬಾರಿ ಸಿಗಾರೂ ಬೇಡ, ಇಪ್ಪತ್ತು ವರ್ಷವೂ ಬೇಡ. ದಿಂಡಿಗಲ್ಲಿನ ಚುಟ್ಟವನ್ನೂ ಇದೇ ಗಮನದಿಂದ ಸೇದಬಹುದು.

ಏಣಿಯ ಕಥೆ ಮುಟ್ಟದ ವಿಷಯ ಒಂದಿದೆ. ಸಿಗಾರಿನ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಆದ್ದರಿಂದ ಅದು ಚಟವಲ್ಲ, ಅಪಾಯವೂ ಇಲ್ಲ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ಆ ಮಾತು ತಪ್ಪು ಎಂಬುದಕ್ಕೆ ಎಲೆಯನ್ನು ಹದ ಮಾಡುವ ರೀತಿಯನ್ನೇ ನೋಡಿದರೆ ಸಾಕು. ಪಿರಿಯಾಪಟ್ಟಣ, ಹುಣಸೂರು ಕಡೆಯ ಬೆಳೆಗಾರರು ಬ್ಯಾರನ್ನಿನಲ್ಲಿ ಬಿಸಿ ಕೊಟ್ಟು ಹದ ಮಾಡುವ ಎಲೆ ಸಿಗರೇಟಿನದು. ಅದರಲ್ಲಿ ಸಕ್ಕರೆ ಉಳಿಯುತ್ತದೆ, ಹೊಗೆ ಆಮ್ಲೀಯ. ಅದರ ನಿಕೋಟಿನ್ ಮೈಗೆ ಸೇರಬೇಕಾದರೆ ಎದೆಯೊಳಗೆ ಎಳೆಯಬೇಕು. ಸಿಗಾರಿನ ಎಲೆಯನ್ನು ನೆರಳಿನಲ್ಲಿ ಗಾಳಿಗೆ ತೂಗುಹಾಕಿ ಒಣಗಿಸಿ, ರಾಶಿ ಹಾಕಿ ಹುಳಿಸುತ್ತಾರೆ. ಸಕ್ಕರೆ ಮುಗಿದಿರುತ್ತದೆ, ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತ ಸೇರುತ್ತದೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಂ ತಂಬಾಕೂ ಇರುವುದಿಲ್ಲ; ದೊಡ್ಡ ಸಿಗಾರಿನಲ್ಲಿ 5ರಿಂದ 17 ಗ್ರಾಂ ತನಕ ಇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ವಿವರವಾಗಿ ಪ್ರಕಟಿಸಿದೆ.

ಚರ್ಚಿಲ್ 90 ವರ್ಷ ಬದುಕಲಿಲ್ಲವೇ ಎಂಬ ಪ್ರಶ್ನೆ ತಕ್ಷಣ ಬರುತ್ತದೆ. 1895ರಲ್ಲಿ ಕ್ಯೂಬಾಕ್ಕೆ ಹೋಗಿ ಹವಾನಾ ಸಿಗಾರಿನ ಪರಿಚಯ ಮಾಡಿಕೊಂಡು, ಮರುವರ್ಷ ಬೆಂಗಳೂರಿನ ದಂಡಿಗೆ ಬಂದಿಳಿದ ಆ ತರುಣ ಬದುಕಿಡೀ ಸೇದಿದ್ದು ನಿಜ. ಬರ್ನ್ಸ್ ಅಂತೂ ನೂರು ಮುಟ್ಟಿದರು. ಬದುಕಿ ಉಳಿದವರ ಹೆಸರು ಹೇಳುವಾಗ ಹೋದವರದ್ದನ್ನೂ ಹೇಳಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಫೋರ್ಟ್ ಡೊನೆಲ್ಸನ್ ಕೋಟೆ ಗೆದ್ದ ಜನರಲ್ ಗ್ರಾಂಟ್ ಕೈಯಲ್ಲಿ ಸಿಗಾರ್ ಇತ್ತೆಂದು ಪತ್ರಿಕೆಗಳಲ್ಲಿ ಬಂದದ್ದೇ ತಡ, ಅಭಿಮಾನಿಗಳು ಸಾವಿರಾರು ಸಿಗಾರ್ ಕಳಿಸಿದರು. ಜನರ ಪ್ರೀತಿಯಿಂದಲೇ ಬಲವಾದ ಅಭ್ಯಾಸ ಅದು. ಗ್ರಾಂಟ್ 1885ರಲ್ಲಿ ಗಂಟಲು ಕ್ಯಾನ್ಸರಿನಿಂದ ತೀರಿಕೊಂಡರು. ದಿನಕ್ಕೆ ಸುಮಾರು ಇಪ್ಪತ್ತು ಸೇದುತ್ತಿದ್ದ ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿತು. ಮುಂದಿನ ಹದಿನಾರು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು. ದವಡೆಯಲ್ಲಿ ಕೃತಕ ಅಂಗುಳು ಇಟ್ಟುಕೊಂಡೇ ಅವರು ಸೇದಿದರು. ಮನುಷ್ಯನ ಮನಸ್ಸಿನ ಕಟ್ಟುಗಳನ್ನು ಅಷ್ಟು ಆಳವಾಗಿ ಬಿಡಿಸಿದವರಿಗೆ ಇದೊಂದನ್ನು ಬಿಡಲಾಗಲಿಲ್ಲ. ಹವ್ಯಾಸ ಎಂಬ ಹೆಸರು ಇಲ್ಲಿ ಸಾಲುವುದಿಲ್ಲ.

ಫಿಡೆಲ್ ಕ್ಯಾಸ್ಟ್ರೋ ಕಥೆಯನ್ನು ಹವ್ಯಾಸಿಗಳು ಅರ್ಧವಷ್ಟೇ ಹೇಳುತ್ತಾರೆ. ತಮ್ಮ ಅಂಗರಕ್ಷಕನೊಬ್ಬ ಸೇದುತ್ತಿದ್ದ ಸಿಗಾರ್ ಅವರಿಗೆ ಹಿಡಿಸಿದ್ದು, ಅದರಿಂದ 1966ರಲ್ಲಿ ಕೊಹೀಬಾ ಹುಟ್ಟಿದ್ದು, ಎಲ್ ಲಗೀತೋ ಕಾರ್ಖಾನೆಯಲ್ಲಿ ಅದು ಅವರಿಗಾಗಿ, ಸರ್ಕಾರದ ಅತಿಥಿಗಳಿಗಾಗಿ ತಯಾರಾಗುತ್ತಿದ್ದದ್ದು, 1982ರಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದದ್ದು, ಇಷ್ಟಕ್ಕೆ ಕಥೆ ನಿಲ್ಲುತ್ತದೆ. ಜಗತ್ತು ಶಿಖರ ಎಂದು ಕರೆಯುವ ಸಿಗಾರ್ ಯಾರಿಗಾಗಿ ಹುಟ್ಟಿತೋ ಅವರು 1985ರ ಆಗಸ್ಟಿನಲ್ಲಿ ಸೇದುವುದನ್ನೇ ಬಿಟ್ಟರು. ದೇಶದಲ್ಲಿ ಧೂಮಪಾನದ ವಿರುದ್ಧ ಪ್ರಚಾರ ನಡೆಸುವಾಗ ತಾವೇ ಸೇದುತ್ತಿದ್ದರೆ ಆ ಮಾತಿಗೆ ಬೆಲೆ ಇರುವುದಿಲ್ಲ ಎಂಬುದು ಅವರ ಕಾರಣವಾಗಿತ್ತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ಅವರಿಗೆ ಪದಕ ಕೊಟ್ಟಿತು. ಅವರು ತೀರಿಕೊಂಡದ್ದು 2016ರಲ್ಲಿ. ಕೊಹೀಬಾ ಪೆಟ್ಟಿಗೆಯ ಪಕ್ಕದಲ್ಲಿ ಗೋಡೆಗೆ ತೂಗುಹಾಕುವ ಕ್ಯಾಸ್ಟ್ರೋ ಚಿತ್ರಗಳಲ್ಲಿ ಸಿಗಾರ್ ಇರುವುದೆಲ್ಲ ಅವರು ಬಿಡುವುದಕ್ಕೆ ಮುಂಚಿನವು. ಬಿಟ್ಟ ಮೇಲಿನ ಮೂವತ್ತೊಂದು ವರ್ಷಗಳೂ ಒಬ್ಬ ಸಿಗಾರ್ ಪ್ರೇಮಿಯ ಬದುಕೇ. ಹೊಸಬನಿಗೆ ದಾರಿ ಹೇಳಿಕೊಡುವ ಹಿರಿಯರು ಕೊಹೀಬಾ ತನಕ ಕರೆದೊಯ್ದು ಅಲ್ಲಿಗೆ ನಿಲ್ಲಿಸಬಾರದು. ಅದು ಯಾರಿಗಾಗಿ ಹುಟ್ಟಿತೋ ಅವರೇ ಅಲ್ಲಿ ನಿಲ್ಲಲಿಲ್ಲ.